ವಿಮಾನ ಹತ್ತಿಸಿದಲ್ಲಿಗೆ ಹೊಣೆ ಮುಗಿಯುವುದಿಲ್ಲ

(ವಿದೇಶ ವ್ಯಾಸಂಗಕ್ಕೆ ಹೊರಟಿರುವ ವಿದ್ಯಾರ್ಥಿಗಳು ಮತ್ತು ಅವರ ಹೆತ್ತವರಿಗಾಗಿ ದೊಡ್ಡಬಳ್ಳಾಪುರದಲ್ಲಿ ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಆಗಸ್ಟ್, ಸೆಪ್ಟೆಂಬರ್ ತಿಂಗಳ ಯಾವುದಾದರೊಂದು ರಾತ್ರಿ ದೇವನಹಳ್ಳಿಯ ವಿಮಾನ ನಿಲ್ದಾಣದ ನಿರ್ಗಮನ ದ್ವಾರದ ಮುಂದೆ ನಿಂತು ನೋಡಿದವರಿಗೆ ನನ್ನ ಇಂದಿನ ಮಾತಿಗೆ ಪೀಠಿಕೆಯೇ ಬೇಕಾಗಿಲ್ಲ. ಒಬ್ಬ ಹುಡುಗನನ್ನು ಬೀಳ್ಕೊಡಲು ಎರಡು ವಾಹನ ತುಂಬ ಜನ ಬಂದಿರುತ್ತಾರೆ. ಅಜ್ಜಿ ಅವನ ತೋಳಿಗೆ ಇಮಾಮ್ ಝಾಮಿನ್ ಕಟ್ಟಿರುತ್ತಾರೆ. (ಅದು ಸರಿಯೋ ತಪ್ಪೋ ಎಂಬ ಚರ್ಚೆ ಈ ಹೊತ್ತಿಗೆ ಬೇಡ.) ಪೆಟ್ಟಿಗೆಯ ತೂಕ ಮೀರಿತೆಂದು ಉಪ್ಪಿನಕಾಯಿಯ ಬಾಟಲಿ ಹೊರಗೆ ಬರುತ್ತದೆ, ತಾಯಿಯ ಕಣ್ಣೀರಿಗೆ ಮಣಿದು ಮತ್ತೆ ಒಳಗೆ ಹೋಗುತ್ತದೆ. ಎಲ್ಲರೂ ದುಆ ಮಾಡುತ್ತಾರೆ. ಹುಡುಗ ಒಳಗೆ ಹೋಗುತ್ತಾನೆ. ಫಜ್ರ್ ವೇಳೆಗೆ ಎಲ್ಲರೂ ಮನೆ ಸೇರುತ್ತಾರೆ.

ಆ ಬಳಿಕ ಏನು? ಆ ಹುಡುಗ ಅಥವಾ ಆ ಹುಡುಗಿ ಇಳಿಯುವ ಊರಿನಲ್ಲಿ ಮೊದಲ ವಾರ, ಮೂರನೆಯ ತಿಂಗಳು, ಎರಡನೆಯ ಚಳಿಗಾಲ ಹೇಗಿರುತ್ತವೆ? ನಾವು ಸಾಮಾನ್ಯವಾಗಿ ಚರ್ಚಿಸದ ವಿಷಯವದು. ಶುಲ್ಕ ಎಷ್ಟು, ಯಾವ ದೇಶ ಅಗ್ಗ, ಯಾವ ಏಜೆಂಟ್ ನಂಬಿಗಸ್ಥ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಧಾರಾಳವಾಗಿ ನಡೆಯುತ್ತದೆ. ಇಂದು ನಾನು ಆ ಕಡೆ ಹೋಗುವುದಿಲ್ಲ.

2008ರ ಮೇ ತಿಂಗಳಲ್ಲಿ ಆ ನಿಲ್ದಾಣ ಆರಂಭವಾದಾಗ ನಮ್ಮ ಈ ತಾಲೂಕುಗಳ ಮುಸ್ಲಿಮ್ ಕುಟುಂಬಗಳಿಗೆ ವಿಮಾನವೆಂದರೆ ಒಂದೋ ಹಜ್, ಇಲ್ಲವೇ ಕೊಲ್ಲಿಯ ನೌಕರಿ. ಇಂದು ವಿಜಯಪುರದಲ್ಲಿ ರೇಷ್ಮೆ ನೂಲು ಬಿಚ್ಚುವವರ ಮಗ ವೈದ್ಯಕೀಯ ಓದಲು ಹೊರಡುತ್ತಾನೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯ ಮಗಳು ಸ್ನಾತಕೋತ್ತರ ಪದವಿಗಾಗಿ ಜರ್ಮನಿಗೆ ಅರ್ಜಿ ಹಾಕುತ್ತಾಳೆ. ಹೊಸಕೋಟೆ, ನೆಲಮಂಗಲಗಳಲ್ಲಿಯೂ ಇದೇ ಕಥೆ. ಅಲ್ಲಾಹನಿಗೆ ಸ್ತುತಿ. ಆದರೆ ಈ ಮಕ್ಕಳಲ್ಲಿ ಬಹುಪಾಲು ಮಂದಿ ಆ ಮನೆತನದಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಇಲ್ಲವೇ ಎರಡನೆಯ ತಲೆಮಾರಿನವರು. ಅಲ್ಲಿ ಏನು ಕಾದಿದೆಯೆಂದು ಹೇಳಬಲ್ಲ ಮಾವ, ಚಿಕ್ಕಪ್ಪ ಅವರಿಗೆ ಇರುವುದಿಲ್ಲ. ಅನುಭವವಿಲ್ಲದ ಮನೆಯಿಂದ ಅಪರಿಚಿತ ದೇಶಕ್ಕೆ ನೇರವಾಗಿ ಹೋಗುವವರು ಅವರು.

ಇಂತಹ ಸಭೆಗಳಲ್ಲಿ ಜ್ಞಾನಾರ್ಜನೆಯನ್ನು ಚೀನಾ ದೇಶದೊಂದಿಗೆ ಜೋಡಿಸುವ ಮಾತೊಂದನ್ನು ಪ್ರವಾದಿ ವಚನವೆಂದು ಉಲ್ಲೇಖಿಸುವುದು ವಾಡಿಕೆ. ಅದರ ವರದಿ ಪರಂಪರೆ ದುರ್ಬಲವೆಂದು ಹದೀಸ್ ವಿದ್ವಾಂಸರು ಹೇಳಿರುವುದರಿಂದ ನಾನು ಅದನ್ನು ಆಧಾರವಾಗಿ ಬಳಸುವುದಿಲ್ಲ. ಅದರ ಅಗತ್ಯವೂ ಇಲ್ಲ. ಇಮಾಮ್ ಬುಖಾರಿಯವರು ಹದಿನಾರರ ಹರೆಯದಲ್ಲಿ ತಾಯಿ ಮತ್ತು ಸಹೋದರನೊಂದಿಗೆ ಹಜ್‌ಗೆ ಹೋದವರು ಅಲ್ಲೇ ಉಳಿದು, ಹದೀಸ್‌ಗಾಗಿ ಬಸ್ರಾ, ಬಗ್ದಾದ್, ಶಾಮ್, ಈಜಿಪ್ಟ್‌ಗಳನ್ನು ಸುತ್ತಿದರು. ತಂದೆಯಿಲ್ಲದ ಮಗನನ್ನು ಬಿಟ್ಟು ಬುಖಾರಾಕ್ಕೆ ಮರಳಿದ ಆ ತಾಯಿಯ ಮನಸ್ಸಿನಲ್ಲಿ ಏನಿದ್ದಿರಬಹುದೆಂದು ನಮ್ಮ ಭಾಷಣಕಾರರು ಹೇಳುವುದು ಕಡಿಮೆ. ಈ ಸಭೆಯ ಹಿಂದಿನ ಸಾಲುಗಳಲ್ಲಿ ಕುಳಿತಿರುವ ತಾಯಂದಿರಿಗೆ ಅದು ಗೊತ್ತಿದೆ.

ಸಹೋದರರೇ, ನಮ್ಮ ಮಕ್ಕಳ ಕಷ್ಟವನ್ನು ಅರ್ಥ ಮಾಡಿಕೊಳ್ಳಲು ಇನ್ನೂ ಹಿಂದಕ್ಕೆ, ಹಿಜ್ರತ್‌ನ ಕಾಲಕ್ಕೆ ಹೋಗಬೇಕು. ಮಕ್ಕಾದಿಂದ ಮದೀನಾಕ್ಕೆ ಬಂದವರಿಗೆ ಅಲ್ಲಿನ ಹವೆ ಒಗ್ಗಲಿಲ್ಲ. ಹ. ಅಬೂಬಕರ್(ರ) ಮತ್ತು ಹ. ಬಿಲಾಲ್(ರ) ಜ್ವರದಿಂದ ಹಾಸಿಗೆ ಹಿಡಿದರು. ಹ. ಆಯಿಶಾ(ರ) ಅವರನ್ನು ವಿಚಾರಿಸಲು ಹೋಗಿದ್ದರು. ಜ್ವರ ಇಳಿದಾಗ ಬಿಲಾಲ್(ರ) ಗಟ್ಟಿ ದನಿಯಲ್ಲಿ ಮಕ್ಕಾದ ಕಣಿವೆಯನ್ನು, ಅಲ್ಲಿ ಬೆಳೆಯುವ ಹುಲ್ಲನ್ನು, ಅಲ್ಲಿನ ನೀರನ್ನು, ಬೆಟ್ಟಗಳನ್ನು ನೆನೆದು ಪದ್ಯ ಹೇಳುತ್ತಿದ್ದರು. ಯಾವ ಮಕ್ಕಾ? ಸುಡುವ ಮರಳಿನ ಮೇಲೆ ಮಲಗಿಸಿ ಎದೆಯ ಮೇಲೆ ಬಂಡೆ ಹೇರಿ ಅವರನ್ನು ಹಿಂಸಿಸಿದ ಅದೇ ಮಕ್ಕಾ! ವಿಮೋಚನೆಯ ನಾಡಿಗೆ ಬಂದಿದ್ದಾರೆ, ಪ್ರವಾದಿಯವರ(ಸ) ಸನಿಹದಲ್ಲಿದ್ದಾರೆ. ಆದರೂ ಹುಟ್ಟಿ ಬೆಳೆದ ನೆಲಕ್ಕಾಗಿ ಮನಸ್ಸು ಹಂಬಲಿಸುತ್ತದೆ. ಈ ಸುದ್ದಿ ತಿಳಿದಾಗ ಪ್ರವಾದಿ(ಸ) ಅವರನ್ನು ಗದರಲಿಲ್ಲ, ಈಮಾನ್ ಸಾಲದೆಂದು ಹೇಳಲಿಲ್ಲ. ಮದೀನಾವನ್ನು ಮಕ್ಕಾದಂತೆಯೇ, ಅದಕ್ಕಿಂತಲೂ ಹೆಚ್ಚಾಗಿ, ತಮಗೆ ಪ್ರಿಯವಾಗಿಸೆಂದು ಅಲ್ಲಾಹನಲ್ಲಿ ಪ್ರಾರ್ಥಿಸಿದರು.

ಈಗ ನಮ್ಮ ವರ್ತನೆಯನ್ನು ನೋಡಿ. ಬರ್ಲಿನ್‌ನಿಂದಲೋ ಬಿಷ್ಕೆಕ್‌ನಿಂದಲೋ ಮಗ ದೂರವಾಣಿಯಲ್ಲಿ "ಅಮ್ಮೀ, ಮನಸ್ಸಿಗೆ ಬೇಸರವಾಗುತ್ತಿದೆ" ಎನ್ನುತ್ತಾನೆ. ನಮ್ಮ ಉತ್ತರವೇನು? "ನಿನಗಾಗಿ ಜಮೀನು ಮಾರಿದ್ದೇವೆ." "ನಮಾಝ್ ಸರಿಯಾಗಿ ಮಾಡುತ್ತಿಲ್ಲ ಎಂದು ಕಾಣುತ್ತದೆ, ಅದಕ್ಕೇ ಹೀಗೆ." "ಪಕ್ಕದ ಬೀದಿಯವರ ಮಗ ಕೆನಡಾದಲ್ಲಿ ಹೇಗಿದ್ದಾನೆ ನೋಡು." ಇಂತಹ ಮೂರು ಉತ್ತರಗಳನ್ನು ಕೇಳಿದ ಮಗ ನಾಲ್ಕನೆಯ ಬಾರಿ ಏನನ್ನೂ ಹೇಳುವುದಿಲ್ಲ. ಅಂದಿನಿಂದ ಅವನ ಬಾಯಲ್ಲಿ ಒಂದೇ ಮಾತು: "ಅಬ್ಬಾ, ನಾನು ಚೆನ್ನಾಗಿದ್ದೇನೆ."

ಈ 'ಚೆನ್ನಾಗಿದ್ದೇನೆ' ಎಂಬ ಮಾತಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನನಗೆ ಪರಿಚಯವಿರುವ ಕುಟುಂಬವೊಂದರ ಹುಡುಗ ಬ್ರಿಟನ್ನಿನಲ್ಲಿ ಓದುತ್ತಿದ್ದ. ಮೊದಲ ಅವಧಿಯ ಎರಡು ವಿಷಯಗಳಲ್ಲಿ ಅನುತ್ತೀರ್ಣನಾದ. ಓದಿನಲ್ಲಿ ದಡ್ಡನಲ್ಲ. ಇಲ್ಲಿ ನಾವು ಪುಸ್ತಕದಲ್ಲಿರುವುದನ್ನು ಇದ್ದಂತೆಯೇ ಬರೆದರೆ ಅಂಕ ಸಿಗುತ್ತದೆ. ಅಲ್ಲಿ ಹಾಗೆ ಬರೆದರೆ ಅದು ಕೃತಿಚೌರ್ಯವೆಂಬ ಅಪರಾಧ. ಇದನ್ನು ಅವನಿಗೆ ಹೊರಡುವ ಮುನ್ನ ಯಾರೂ ಹೇಳಿರಲಿಲ್ಲ. ಮರುಪರೀಕ್ಷೆಗೆ ಹಣ ಬೇಕಾಯಿತು. ತಂದೆಯನ್ನು ಕೇಳಲು ಧೈರ್ಯವಾಗಲಿಲ್ಲ. ಅಲ್ಲಿನ ವೀಸಾ ನಿಯಮದಂತೆ ಪದವಿ ವಿದ್ಯಾರ್ಥಿಗಳು ತರಗತಿ ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಇವನು ಗೋದಾಮೊಂದರಲ್ಲಿ ರಾತ್ರಿಯಿಡೀ ಲೆಕ್ಕಕ್ಕೆ ಬಾರದ ದುಡಿಮೆಗೆ ಇಳಿದ. ಸಿಕ್ಕಿಬಿದ್ದಿದ್ದರೆ ಓದೂ ಇಲ್ಲ, ವೀಸಾವೂ ಇಲ್ಲ. ಎಂಟು ತಿಂಗಳ ಕಾಲ ಮನೆಯವರಿಗೆ ಏನೂ ಗೊತ್ತಿರಲಿಲ್ಲ. ಪ್ರತಿ ಭಾನುವಾರ ಮಾತನಾಡುತ್ತಿದ್ದರು. "ಊಟ ಆಯಿತೇ? ನಮಾಝ್ ಆಯಿತೇ? ಓದು ಹೇಗಿದೆ?" ಎಂಬ ಮೂರು ಪ್ರಶ್ನೆಗಳು. ಮೂರಕ್ಕೂ 'ಹೂಂ' ಎಂದರೆ ಸಾಕು. ವಿಷಯ ಹೊರಬಿದ್ದ ಮೇಲೆ ತಂದೆ ನನ್ನೊಡನೆ ಹೇಳಿದರು: "ಅವನು ಸುಳ್ಳು ಹೇಳಲಿಲ್ಲ. ನಿಜ ಹೇಳುವುದಕ್ಕೆ ಆಸ್ಪದವಾಗುವಂತಹ ಪ್ರಶ್ನೆಯನ್ನು ನಾನೇ ಕೇಳಲಿಲ್ಲ."

ಆ ಹುಡುಗನ ಕಷ್ಟ ಯಾವಾಗ ಆರಂಭವಾಯಿತೆಂಬುದನ್ನು ಗಮನಿಸಿ. ಮೊದಲ ದಿನವಲ್ಲ, ಮೊದಲ ತಿಂಗಳೂ ಅಲ್ಲ. ಸ್ವೆರ್ರೆ ಲಿಸ್ಗಾರ್ಡ್ ಎಂಬ ನಾರ್ವೆಯ ಸಮಾಜಶಾಸ್ತ್ರಜ್ಞರು ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಹೋಗಿ ಬಂದ ತಮ್ಮ ದೇಶದವರನ್ನು ವಿಚಾರಿಸಿ 1955ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆರು ತಿಂಗಳಿಗಿಂತ ಕಡಿಮೆ ಇದ್ದವರು ಉಲ್ಲಾಸದಲ್ಲಿದ್ದರು. ಒಂದೂವರೆ ವರ್ಷಕ್ಕಿಂತ ಹೆಚ್ಚು ಇದ್ದವರು ಹೊಂದಿಕೊಂಡಿದ್ದರು. ನಡುವಿನ ಅವಧಿಯವರೇ ಹೆಚ್ಚು ಬಳಲಿದ್ದರು. ಎಲ್ಲರಿಗೂ ಹೀಗೆಯೇ ಆಗುವುದಿಲ್ಲವೆಂದು ಅನಂತರದ ಸಂಶೋಧಕರು ತಿದ್ದಿದ್ದಾರೆ, ನಿಜ. ಕೆಲವರು ಮೊದಲ ವಾರದಲ್ಲೇ ಕುಸಿಯುತ್ತಾರೆ. ಆದರೆ ನಮ್ಮ ಮೊಹಲ್ಲಾಗಳ ಮಟ್ಟಿಗೆ ಈ ಅಧ್ಯಯನದಲ್ಲಿ ಪಾಠವಿದೆ. ನಮ್ಮೆಲ್ಲ ಪ್ರೀತಿ, ದುಆ, ಆತಂಕಗಳನ್ನು ಹೊರಡುವ ವಾರದಲ್ಲಿಯೇ ಖರ್ಚು ಮಾಡಿಬಿಡುತ್ತೇವೆ. ಮಗನಿಗೆ ನಿಜವಾಗಿ ನಾವು ಬೇಕಾಗುವ ಹೊತ್ತಿಗೆ ಅವನು 'ಸೆಟ್ಲ್' ಆಗಿದ್ದಾನೆಂದು ಎಲ್ಲರೂ ಮರೆತಿರುತ್ತಾರೆ.

ಆ ಹೊತ್ತಿನ ಕಷ್ಟಗಳಾದರೂ ಎಂತಹವು? ಹೇಳಿದರೆ ಸಣ್ಣವೆನಿಸುತ್ತವೆ. ಡಿಸೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಝುಹ್ರ್, ಅಸ್ರ್, ಮಗ್ರಿಬ್ ಮೂರೂ ಸುಮಾರು ನಾಲ್ಕು ಗಂಟೆಗಳೊಳಗೆ ಬಂದುಹೋಗುತ್ತವೆ, ಅದೇ ವೇಳೆಗೆ ಪ್ರಯೋಗಾಲಯದ ತರಗತಿಯೂ ಇರುತ್ತದೆ. ಬಿಸಿಲಿಲ್ಲದ ವಾರಗಳು ಮನಸ್ಸನ್ನು ಕುಗ್ಗಿಸುತ್ತವೆ. ನಮ್ಮ ಗಂಡುಮಕ್ಕಳಿಗೆ ಅಡುಗೆ ಬರುವುದಿಲ್ಲ. ತಾಯಂದಿರೇ ಕ್ಷಮಿಸಿ, ಇದರಲ್ಲಿ ನಿಮ್ಮ ಪಾಲೂ ಇದೆ! ಇಪ್ಪತ್ತು ವರ್ಷದ ಮಗನಿಗೆ ಅನ್ನ, ಬೇಳೆ ಮಾಡಲು ಕಲಿಸದೆ ಕಳುಹಿಸುವುದು ಪ್ರೀತಿಯಲ್ಲ. ಒಗ್ಗರಣೆಯ ಹೊಗೆಗೆ ಕಟ್ಟಡದ ಎಚ್ಚರಿಕೆ ಗಂಟೆ ಬಾರಿಸಿ, ಹಂಚಿಕೊಂಡ ಅಡುಗೆಮನೆಯಲ್ಲಿ ಇತರರ ಮುಂದೆ ನಾಚಿಕೆಪಟ್ಟು, ತಿಂಗಳುಗಟ್ಟಲೆ ಬ್ರೆಡ್ ಮತ್ತು ಮೊಟ್ಟೆಯಲ್ಲಿ ದಿನ ಕಳೆಯುವವರಿದ್ದಾರೆ. ಯಾವುದು ಹಲಾಲ್, ಸಹಪಾಠಿಗಳ ಕೂಟಕ್ಕೆ ಹೋಗಬೇಕೇ ಬೇಡವೇ, ಮದ್ಯವಿರುವ ಮೇಜಿನಿಂದ ಒರಟಾಗದೆ ಏಳುವುದು ಹೇಗೆ ಎಂಬುದನ್ನು ಪ್ರತಿದಿನ ಒಬ್ಬನೇ ತೀರ್ಮಾನಿಸಬೇಕು. ಇವುಗಳಿಗೆ ಉತ್ತರವಿದೆ. ಈಗಾಗಲೇ ಆ ದಾರಿಯಲ್ಲಿ ನಡೆದವನೊಬ್ಬ ಹತ್ತು ನಿಮಿಷ ಮಾತನಾಡಿದರೆ ಅರ್ಧ ಕಷ್ಟ ಇಳಿಯುತ್ತದೆ.

ಮದೀನಾದಲ್ಲಿ ಪ್ರವಾದಿ(ಸ) ಮಾಡಿದ್ದೂ ಇದನ್ನೇ. ವಲಸೆ ಬಂದ ಒಬ್ಬೊಬ್ಬರನ್ನು ಸ್ಥಳೀಯರಾದ ಒಬ್ಬೊಬ್ಬರೊಂದಿಗೆ ಸಹೋದರರನ್ನಾಗಿ ಜೋಡಿಸಿದರು. ಹ. ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧವನ್ನೇ ಕೊಡಲು ಮುಂದಾದಾಗ ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅದನ್ನು ಒಪ್ಪದೆ, ಮಾರುಕಟ್ಟೆಯ ದಾರಿ ತೋರಿಸಲು ಕೇಳಿಕೊಂಡರು. ಗಿಣ್ಣು, ತುಪ್ಪದ ವ್ಯಾಪಾರದಿಂದ ಆರಂಭಿಸಿ ಕೆಲವೇ ಸಮಯದಲ್ಲಿ ಸ್ವಂತ ಕಾಲ ಮೇಲೆ ನಿಂತರು. ನಾವು ಈ ಘಟನೆಯನ್ನು ದಾನಶೀಲತೆಯ ಉದಾಹರಣೆಯಾಗಿ ಹೇಳುತ್ತೇವೆ. ನನಗೆ ಅದರಲ್ಲಿ ಕಾಣುವುದು ಬೇರೆ. ಹೊಸಬನಿಗೆ ಹಣಕ್ಕಿಂತ ಮೊದಲು ಬೇಕಾದುದು ಆ ಊರಿನ ದಾರಿ ಬಲ್ಲ ಒಬ್ಬ ಮನುಷ್ಯ.

ವೈದ್ಯಕೀಯ ಓದಲು ಹೊರಟವರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಈ ಸಭೆಯಲ್ಲಿ ಅವರೇ ಹೆಚ್ಚಾಗಿದ್ದಾರೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ನವೆಂಬರ್‌ನಲ್ಲಿ ಹೊರಡಿಸಿದ ನಿಯಮದಂತೆ ವಿದೇಶದ ಕೋರ್ಸ್ ಕನಿಷ್ಠ 54 ತಿಂಗಳಿನದ್ದಾಗಿರಬೇಕು. ಬೋಧನೆ ಆಂಗ್ಲ ಮಾಧ್ಯಮದಲ್ಲಿರಬೇಕು. ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು, ಆ ದೇಶದಲ್ಲಿ ವೈದ್ಯ ವೃತ್ತಿಗೆ ಅರ್ಹತೆ ದೊರಕಿರಬೇಕು. ಹಿಂತಿರುಗಿದ ಮೇಲೆ 300 ಪ್ರಶ್ನೆಗಳ ಅರ್ಹತಾ ಪರೀಕ್ಷೆಯಲ್ಲಿ 150 ಅಂಕ ಗಳಿಸಬೇಕು, ಇಲ್ಲಿಯೂ ಒಂದು ವರ್ಷ ಇಂಟರ್ನ್‌ಶಿಪ್ ಮಾಡಬೇಕು. ಆ ಪರೀಕ್ಷೆಗೆ ಕುಳಿತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅನುತ್ತೀರ್ಣರಾಗುವುದು ವರ್ಷಗಳಿಂದ ನಡೆದುಬಂದಿದೆ. ಇವೆಲ್ಲ ಏಜೆಂಟ್ ಕೊಡುವ ಬಣ್ಣದ ಪುಸ್ತಿಕೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿಯಾದರೂ ಇರುತ್ತವೆ. ಅದರಲ್ಲಿ ಇಲ್ಲದ ಒಂದು ವಿಷಯ ಹೇಳುತ್ತೇನೆ. ಪಾಠ ಆಂಗ್ಲ ಭಾಷೆಯಲ್ಲಿರಬಹುದು, ರೋಗಿಗೆ ಆಂಗ್ಲ ಭಾಷೆ ಬರುವುದಿಲ್ಲ. ಬಿಷ್ಕೆಕ್‌ನ ವಾರ್ಡಿನಲ್ಲಿ ಮಲಗಿರುವ ವೃದ್ಧೆ ತನ್ನ ಹೊಟ್ಟೆನೋವನ್ನು ಕಿರ್ಗಿಝ್ ಅಥವಾ ರಷ್ಯನ್ ಭಾಷೆಯಲ್ಲಿಯೇ ಹೇಳುತ್ತಾಳೆ. ಮೊದಲ ವರ್ಷವೇ ಆ ಭಾಷೆಯನ್ನು ಕಲಿಯದ ವಿದ್ಯಾರ್ಥಿ ರೋಗಿಯ ಬಳಿಗೆ ಹೋಗಲು ಹಿಂಜರಿಯುತ್ತಾನೆ, ಕೋಣೆಯಲ್ಲಿ ಕುಳಿತು ಪುಸ್ತಕ ಓದಿ ಮಾತ್ರ ವೈದ್ಯನಾಗಲು ನೋಡುತ್ತಾನೆ. ಭಾಷೆ ಬಂದವನಿಗೆ ಮಾರುಕಟ್ಟೆಯಲ್ಲಿ, ಬಸ್ಸಿನಲ್ಲಿ ಗೆಳೆಯರು ಸಿಗುತ್ತಾರೆ. ಆದ್ದರಿಂದ ಹೊರಡುವುದಕ್ಕೆ ಮೂರು ತಿಂಗಳು ಮೊದಲೇ ಆ ದೇಶದ ಭಾಷೆಯ ಅಕ್ಷರ ಕಲಿಸಲು ಆರಂಭಿಸಿ. ಅಂತರ್ಜಾಲದಲ್ಲಿ ಅದು ಉಚಿತವಾಗಿಯೇ ಸಿಗುತ್ತದೆ.

ಇನ್ನು ಯುದ್ಧ ಮತ್ತು ಗಲಭೆ. ಯಾವ ಹೆತ್ತವರೂ ಯೋಚಿಸಲು ಇಷ್ಟಪಡದ ವಿಷಯ. 2022ರ ಮಾರ್ಚ್ 1ರಂದು ಉಕ್ರೇನ್‌ನ ಖಾರ್ಕಿವ್‌ನಲ್ಲಿ ದಿನಸಿ ತರಲು ಹೊರಗೆ ಹೋಗಿದ್ದ ನಮ್ಮ ಹಾವೇರಿ ಜಿಲ್ಲೆ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ನವೀನ್ ಶೆಲ್ ದಾಳಿಗೆ ಬಲಿಯಾದರು. ಮೂರು ವಾರಗಳ ಬಳಿಕ, ಮಾರ್ಚ್ 21ರ ಬೆಳಗಿನ ಜಾವ, ಅವರ ಪಾರ್ಥಿವ ಶರೀರ ಬಂದಿಳಿದದ್ದು ಇದೇ ದೇವನಹಳ್ಳಿಯ ನಿಲ್ದಾಣದಲ್ಲಿ. ವೈದ್ಯನಾಗಬೇಕಿದ್ದ ಮಗನ ದೇಹವನ್ನು ಹೆತ್ತವರು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಆ ಹೆತ್ತವರ ದೊಡ್ಡತನದ ಮುಂದೆ ನಮ್ಮ ಮಾತು ಸಣ್ಣದಾಗುತ್ತದೆ. 2024ರ ಮೇ 17ರ ರಾತ್ರಿ ಬಿಷ್ಕೆಕ್‌ನಲ್ಲಿ ಗುಂಪುಗಳು ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲುಗಳಿಗೆ ನುಗ್ಗಿದವು. ಹೊರಗೆ ಬರಬೇಡಿರೆಂದು ರಾಯಭಾರ ಕಚೇರಿ ಸೂಚನೆ ನೀಡಿತು. ಅಲ್ಲಿನ ಬಹುಸಂಖ್ಯಾತರು ಮುಸ್ಲಿಮರು, ಏಟು ತಿಂದವರಲ್ಲಿಯೂ ಮುಸ್ಲಿಮರಿದ್ದರು. ಮುಸ್ಲಿಮ್ ದೇಶವೆಂಬ ಒಂದೇ ಕಾರಣಕ್ಕೆ ಮಗ ಸುರಕ್ಷಿತನೆಂದು ನಂಬುವವರು ಇದನ್ನು ನೆನಪಿಡಬೇಕು. 2025ರ ಜೂನ್‌ನಲ್ಲಿ ಇರಾನಿನ ಮೇಲೆ ಇಸ್ರೇಲ್ ದಾಳಿ ಆರಂಭಿಸಿದಾಗ ನಮ್ಮ ನೆರೆಯ ಗೌರಿಬಿದನೂರು ತಾಲೂಕಿನ ಅಲೀಪುರದ ಮನೆಮನೆಯಲ್ಲಿ ಆತಂಕವಿತ್ತು. ಅಲ್ಲಿನ ಅನೇಕ ವಿದ್ಯಾರ್ಥಿಗಳು, ಯಾತ್ರಿಕರು ಇರಾನಿನಲ್ಲಿದ್ದರು. ನಡುವೆ ಅಂತರ್ಜಾಲ ಸಂಪರ್ಕವೂ ಕಡಿಯಿತು. ಉತ್ತರ ಇರಾನಿನಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಮೊದಲ ತಂಡ ಅರ್ಮೇನಿಯಾದ ಮೂಲಕ ಹೊರಬಂದು ದೆಹಲಿ ತಲುಪಿತು.

ಈ ಪ್ರಕರಣಗಳಲ್ಲಿ ಸರಕಾರ ತನ್ನ ಕೆಲಸ ಮಾಡಿತು, ಕೆಲವೊಮ್ಮೆ ತಡವಾಗಿ ಮಾಡಿತು. ನಾನು ಕೇಳುವುದು ನಮ್ಮ ಬಗ್ಗೆ. ನಮ್ಮ ಪೈಕಿ ಎಷ್ಟು ಮಂದಿಗೆ ತಮ್ಮ ಮಗನ ಕೊಠಡಿ ಸಹವಾಸಿಯ ದೂರವಾಣಿ ಸಂಖ್ಯೆ ಗೊತ್ತಿದೆ? ಹಾಸ್ಟೆಲಿನ ಪೂರ್ಣ ವಿಳಾಸ ಬರೆದಿಟ್ಟಿದ್ದೇವೆಯೇ? ಪಾಸ್‌ಪೋರ್ಟಿನ ಪ್ರತಿ ಮನೆಯಲ್ಲಿದೆಯೇ? ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲಿ ವಿದ್ಯಾರ್ಥಿಗಳು ಹೆಸರು ನೋಂದಾಯಿಸಲು ಅವಕಾಶವಿದೆ. ಅದಕ್ಕೆ ಶುಲ್ಕವಿಲ್ಲ. ಹೊರಡುವ ಮೊದಲು ಉಪ್ಪಿನಕಾಯಿ ಕಟ್ಟಲು ಒಂದು ದಿನ ಮೀಸಲಿಡುವ ನಾವು ಇದಕ್ಕೆ ಅರ್ಧ ಗಂಟೆ ಕೊಡುವುದಿಲ್ಲ.

ಸರಕಾರದ ಮಾತು ಬಂದುದರಿಂದ ಇನ್ನೊಂದನ್ನು ಹೇಳದೆ ಇರಲಾರೆ. ಅಲ್ಪಸಂಖ್ಯಾತ ಸಮುದಾಯಗಳ ವಿದ್ಯಾರ್ಥಿಗಳು ವಿದೇಶ ವ್ಯಾಸಂಗಕ್ಕಾಗಿ ಪಡೆದ ಸಾಲದ ಬಡ್ಡಿಗೆ ನೆರವು ನೀಡುವ 'ಪಢೋ ಪರ್‌ದೇಶ್' ಯೋಜನೆಯನ್ನು 2013-14ರಲ್ಲಿ ಆರಂಭಿಸಿದ ಕೇಂದ್ರ ಸರಕಾರ 2022-23ರಿಂದ ಅದನ್ನು ನಿಲ್ಲಿಸಿತು. ಅದೇ ವೇಳೆಗೆ ಸಂಶೋಧಕರಿಗಾಗಿ ಇದ್ದ ಮೌಲಾನಾ ಆಝಾದ್ ಫೆಲೋಶಿಪ್ ಕೂಡಾ ಹೋಯಿತು. ಇತರ ಯೋಜನೆಗಳೊಂದಿಗೆ ಅದು ಸೇರಿಹೋಗುತ್ತಿದೆ ಎಂಬುದು ಫೆಲೋಶಿಪ್‌ನ ವಿಷಯದಲ್ಲಿ ಕೊಟ್ಟ ಕಾರಣ. ಬಡ್ಡಿಯ ಸಾಲ ಧರ್ಮಬದ್ಧವೇ ಎಂದು ಸಂಕೋಚಪಡುತ್ತಿದ್ದ ಕುಟುಂಬಗಳು ಹೊಲ ಮಾರಿ, ಒಡವೆ ಮಾರಿ ಮಕ್ಕಳನ್ನು ಕಳುಹಿಸುತ್ತಿವೆ. ಮಾರಿದ ಹೊಲದ ಭಾರ ಮಗನ ತಲೆಯ ಮೇಲಿರುತ್ತದೆ. ಸೋತೆನೆಂದು ಹೇಳಲು ಅವನು ಹೆದರುವುದು ಅದಕ್ಕಾಗಿಯೇ. ಯೋಜನೆ ನಿಂತುದರ ಬಗ್ಗೆ ನಮ್ಮ ಪ್ರತಿನಿಧಿಗಳನ್ನು ಪ್ರಶ್ನಿಸುವುದು ನಮ್ಮ ಹಕ್ಕು. ಜೊತೆಗೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವಿದೇಶ ವ್ಯಾಸಂಗದ ಸಾಲಕ್ಕೆ ಏನು ಅವಕಾಶವಿದೆಯೆಂದು ಹೊಲ ಮಾರುವ ಮೊದಲು ಹೋಗಿ ವಿಚಾರಿಸುವುದು ನಮ್ಮ ಕರ್ತವ್ಯ.

ಝಕಾತ್‌ನ ಬಗ್ಗೆಯೂ ಒಂದು ಮಾತು. ಪವಿತ್ರ ಕುರ್‌ಆನ್‌ನ ಅತ್ತೌಬಃ ಅಧ್ಯಾಯದ 60ನೇ ಸೂಕ್ತ ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳನ್ನು ಹೇಳುತ್ತದೆ. ಅವುಗಳಲ್ಲಿ ಕೊನೆಯದು ದಾರಿಹೋಕ, ಪ್ರಯಾಣಿಕ. ಊರಿನಲ್ಲಿ ಸ್ಥಿತಿವಂತನಾಗಿದ್ದರೂ ಪರದೇಶದಲ್ಲಿ ಕೈ ಬರಿದಾದವನು ಈ ವರ್ಗದಲ್ಲಿ ಬರುತ್ತಾನೆಂದು ವಿದ್ವಾಂಸರು ವಿವರಿಸಿದ್ದಾರೆ. ಖಾರ್ಕಿವ್‌ನ ನೆಲಮಾಳಿಗೆಯಲ್ಲಿ ಹಸಿದು ಕುಳಿತ ವಿದ್ಯಾರ್ಥಿ ಇದಲ್ಲದೆ ಇನ್ನೇನು? ಆದರೆ ನಮ್ಮ ಬೈತುಲ್‌ಮಾಲ್‌ಗಳ ಲೆಕ್ಕಪುಸ್ತಕದಲ್ಲಿ ಆ ಒಂದು ಕಾಲಮ್ ಸದಾ ಖಾಲಿ ಇರುತ್ತದೆ. ತುರ್ತು ಸಂದರ್ಭಕ್ಕೆಂದು ಸಣ್ಣ ಮೊತ್ತವೊಂದನ್ನು ಅದರಲ್ಲಿ ಇರಿಸುವ ಬಗ್ಗೆ ನಮ್ಮ ಉಲಮಾಗಳೊಂದಿಗೆ ಸಮಾಲೋಚಿಸಬೇಕು.

ಹೆಣ್ಣುಮಕ್ಕಳನ್ನು ಒಬ್ಬಂಟಿಯಾಗಿ ಕಳುಹಿಸಬಹುದೇ ಎಂಬ ಪ್ರಶ್ನೆಗೆ ಉತ್ತರಿಸಲು ನಾನು ಮುಫ್ತಿಯಲ್ಲ. ಆ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಈಗಾಗಲೇ ಕಳುಹಿಸಿದವರಿಗೆ ಒಂದು ಮಾತು. ಬೀದಿಯಲ್ಲಿ ಯಾರೋ ಅವಳ ಹಿಜಾಬ್ ಎಳೆದರೆ, ಮನೆ ಮಾಲಕ ಅಸಭ್ಯವಾಗಿ ವರ್ತಿಸಿದರೆ ಅವಳು ಮೊದಲು ಹೇಳಬೇಕಾದುದು ತಾಯಿಗೆ. ಹೇಳುವುದಿಲ್ಲ. ಏಕೆ? ಹೇಳಿದ ಮರುಕ್ಷಣ "ಸಾಕು ಓದು, ಟಿಕೆಟ್ ಮಾಡಿಸುತ್ತೇನೆ, ಬಾ" ಎಂದು ಅಬ್ಬಾ ಹೇಳುತ್ತಾರೆಂದು ಅವಳಿಗೆ ಗೊತ್ತಿದೆ. ತಪ್ಪು ಮಾಡಿದವನು ಬೇರೊಬ್ಬ, ಓದು ಕಳೆದುಕೊಳ್ಳುವವಳು ಇವಳು. ಹೊರಡುವ ಮೊದಲೇ ಮಗಳಿಗೆ ಮಾತು ಕೊಡಿ: "ನೀನು ಏನು ಹೇಳಿದರೂ ಮೊದಲು ಪೂರ್ತಿ ಕೇಳುತ್ತೇನೆ. ನಿನ್ನನ್ನು ಕೇಳದೆ ಯಾವ ತೀರ್ಮಾನವನ್ನೂ ಮಾಡುವುದಿಲ್ಲ." ಕೊಟ್ಟ ಮಾತನ್ನು ಉಳಿಸಿಕೊಳ್ಳಿ.

ಇಷ್ಟು ಹೊತ್ತು ಹೋಗುವವರ ಬಗ್ಗೆ ಹೇಳಿದೆ. ಬರುವವರೂ ಇದ್ದಾರೆ. ನಮ್ಮ ಮಕ್ಕಳು ಇಳಿಯುವ ಊರಿನಲ್ಲಿ ಯಾರಾದರೂ ಒಬ್ಬರು ಬಾಗಿಲು ತೆರೆಯಲಿ ಎಂದು ಬಯಸುವ ನಾವು, ನಮ್ಮ ಊರಿಗೆ ಬಂದ ಪರರ ಮಕ್ಕಳೊಂದಿ‌ಗೆ ಹೇಗಿದ್ದೇವೆ? ಯಲಹಂಕ, ಹೆಸರಘಟ್ಟ ರಸ್ತೆಗಳ ಕಾಲೇಜುಗಳಲ್ಲಿ ಆಫ್ರಿಕಾ ಮತ್ತು ಅರಬ್ ದೇಶಗಳ ವಿದ್ಯಾರ್ಥಿಗಳು ಓದುತ್ತಾರೆ. 2016ರ ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೆಯ ಬಳಿ ಸುಡಾನ್‌ನ ವಿದ್ಯಾರ್ಥಿಯೊಬ್ಬನ ಕಾರು ಹಾದು ಸ್ಥಳೀಯ ಮಹಿಳೆಯೊಬ್ಬರು ಮೃತಪಟ್ಟರು. ಸ್ವಲ್ಪ ಹೊತ್ತಿನ ಬಳಿಕ ಇದಾವುದನ್ನೂ ಅರಿಯದೆ ಬೇರೊಂದು ಕಾರಿನಲ್ಲಿ ಬಂದ ತಾಂಝಾನಿಯಾದ ವಿದ್ಯಾರ್ಥಿನಿಯನ್ನೂ ಅವಳ ಗೆಳೆಯರನ್ನೂ ಗುಂಪು ಹಿಡಿದು ಥಳಿಸಿತು, ಅವಳ ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಹಚ್ಚಿತು. ಅವಳ ಅಪರಾಧ, ಅವಳ ಮೈಬಣ್ಣ ಆ ಚಾಲಕನದ್ದನ್ನು ಹೋಲುತ್ತಿದ್ದುದು. ಬಿಷ್ಕೆಕ್‌ನ ಗುಂಪು ಮಾಡಿದ್ದೂ ಇದನ್ನೇ ಅಲ್ಲವೇ? ಯಾರೋ ಕೆಲವರ ಜಗಳಕ್ಕೆ ಎಲ್ಲ ವಿದೇಶೀಯರನ್ನೂ ಹೊಣೆ ಮಾಡಿತು. ಅಲ್ಲಿನದನ್ನು ಖಂಡಿಸಿದ ನಾವು ಇಲ್ಲಿನದಕ್ಕೆ ಎಷ್ಟು ನಾಚಿಕೊಂಡಿದ್ದೇವೆ?

ಬಿಲಾಲ್(ರ) ಹೆಸರನ್ನು ಮಕ್ಕಳಿಗೆ ಇಡುವ ನಮ್ಮಲ್ಲಿಯೂ ಕಪ್ಪು ವಿದ್ಯಾರ್ಥಿಗೆ ಮನೆ ಬಾಡಿಗೆಗೆ ಕೊಡಲು ಹಿಂದೇಟು ಹಾಕುವವರಿದ್ದಾರೆ. ಕೊಟ್ಟರೂ ಬಾಡಿಗೆ ಹೆಚ್ಚು. ಜುಮಾ ನಮಾಝ್‌ನಲ್ಲಿ ಅವನು ನಮ್ಮ ಪಕ್ಕದಲ್ಲಿಯೇ ನಿಲ್ಲುತ್ತಾನೆ. ಸಲಾಮ್ ತಿರುಗಿಸಿದ ಮೇಲೆ ಯಾರೂ ಅವನ ಹೆಸರು ಕೇಳುವುದಿಲ್ಲ. 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನರ ವಶವಾದಾಗ ಬೆಂಗಳೂರು, ಮೈಸೂರುಗಳಲ್ಲಿ ಓದುತ್ತಿದ್ದ ಅಫ್ಘಾನ್ ವಿದ್ಯಾರ್ಥಿಗಳಿಗೆ ಮನೆಯವರ ಸುದ್ದಿಯ ಚಿಂತೆ, ವೀಸಾದ ಚಿಂತೆ, ಊರಿನಿಂದ ಬರುವ ಹಣದ ಚಿಂತೆ. 2023ರ ಏಪ್ರಿಲ್‌ನಲ್ಲಿ ಯುದ್ಧ ಆರಂಭವಾದಾಗ ಸುಡಾನ್‌ನ ಮಕ್ಕಳಿಗೂ ಇದೇ ಗತಿ. ವಿದೇಶೀಯರಿಗೆ ಮನೆ ಕೊಟ್ಟವರು 24 ಗಂಟೆಗಳೊಳಗೆ ಅವರ ವಿವರವನ್ನು ವಿದೇಶೀಯರ ನೋಂದಣಿ ಕಚೇರಿಗೆ ತಿಳಿಸಬೇಕೆಂಬ ನಿಯಮವಿದೆ. ಅದನ್ನು ಪಾಲಿಸಿ ಧೈರ್ಯವಾಗಿ ಮನೆ ಕೊಡಿ. ರಮಝಾನ್‌ನಲ್ಲಿ ಇಫ್ತಾರ್‌ಗೆ ಕರೆಯಿರಿ. ಮುಸ್ಲಿಮೇತರ ವಿದ್ಯಾರ್ಥಿಯನ್ನೂ ಕರೆಯಿರಿ. ಆತಿಥ್ಯಕ್ಕೆ ಧರ್ಮದ ಅಡ್ಡಿಯಿಲ್ಲ. ಹೊರಡಲಿರುವ ನಿಮ್ಮ ಮಗನನ್ನು ಅವನ ಪಕ್ಕದಲ್ಲಿಯೇ ಕೂರಿಸಿರಿ. ಭಾಷೆ ಬಾರದ ಊರಿನಲ್ಲಿ ಮೊದಲ ತಿಂಗಳು ಹೇಗೆ ಕಳೆಯಿತೆಂದು ಅವನೇ ಹೇಳುತ್ತಾನೆ. ಯಾವ ಏಜೆಂಟನೂ ಆ ಪಾಠ ಹೇಳಲಾರ.

ಕೊನೆಯದಾಗಿ, ಇಂದು ಆಗಬೇಕಾದ ಕೆಲಸ. ಸಭಾಂಗಣದ ಬಾಗಿಲ ಬಳಿ ಮೇಜಿನ ಮೇಲೆ ಒಂದು ಪುಸ್ತಕ ಇರಿಸಿದೆ. ವಿದ್ಯಾರ್ಥಿಯ ಹೆಸರು, ದೇಶ, ಕಾಲೇಜು, ಅಲ್ಲಿನ ವಿಳಾಸ, ಅಲ್ಲಿನ ಗೆಳೆಯನೊಬ್ಬನ ಸಂಖ್ಯೆ, ಇಲ್ಲಿನ ಎರಡು ಸಂಖ್ಯೆಗಳನ್ನು ಬರೆಯಿರಿ. ಓದು ಮುಗಿಸಿ ಹಿಂತಿರುಗಿದ ಇಬ್ಬರು ಯುವಕರೂ ಒಬ್ಬ ಸಹೋದರಿಯೂ ಪ್ರತಿ ತಿಂಗಳ ಮೊದಲ ಭಾನುವಾರ ಅಸ್ರ್ ಬಳಿಕ ಇಲ್ಲಿ ಕುಳಿತು ಹೊಸಬರೊಂದಿಗೆ ಮಾತನಾಡಲು ಒಪ್ಪಿದ್ದಾರೆ. ಅವರಲ್ಲೊಬ್ಬರು ಒಮ್ಮೆ ಅನುತ್ತೀರ್ಣರಾಗಿ ಅನಂತರ ಉತ್ತೀರ್ಣರಾದವರು, ಅದನ್ನು ಹೇಳಿಕೊಳ್ಳಲು ಅವರಿಗೆ ಸಂಕೋಚವಿಲ್ಲ. ಹೋದವರು ಹೋದ ಮೇಲೆ ಮೂರನೆಯ, ಆರನೆಯ, ಹನ್ನೆರಡನೆಯ ತಿಂಗಳಲ್ಲಿ ಅವರಿಗೊಂದು ಕರೆ ಮಾಡುವ ಹೊಣೆಯನ್ನೂ ಇವರೇ ವಹಿಸಿಕೊಂಡಿದ್ದಾರೆ. ಆ ಕರೆಯಲ್ಲಿ ಹೇಳಿದ್ದು ವಿದ್ಯಾರ್ಥಿಯ ಅನುಮತಿಯಿಲ್ಲದೆ ಮನೆಯವರಿಗೂ ತಲುಪುವುದಿಲ್ಲ, ಪ್ರಾಣಾಪಾಯದ ಮಾತು ಬೇರೆ. ಹೆತ್ತವರು ಇದಕ್ಕೆ ಒಪ್ಪಬೇಕು. ಈ ವರ್ಷ ಹೊರಡುವವರಷ್ಟೇ ಅಲ್ಲ, ಈಗಾಗಲೇ ಹೋಗಿರುವ ಮಕ್ಕಳ ಹೆತ್ತವರೂ ಬರೆಯಬೇಕು. ನಮಗೆ ಮೊದಲು ಬೇಕಾಗಿರುವುದು ಅವರ ವಿವರವೇ. ಇಶಾ ನಮಾಝ್‌ನ ವರೆಗೆ ನಾನು ಇಲ್ಲಿಯೇ ಇರುತ್ತೇನೆ.